ಇಂದಿನ ಧಮ್ಮ ಚಿಂತನೆ: ಸಮುದ್ರದಲ್ಲಿ ಎಷ್ಟು ಆಳ ಸಾಕು?





ನಮ್ಮ ಅಧ್ಯಯನ ಬಳಗದಲ್ಲಿ ದುಃಖ, ದುಃಖದ ಕಾರಣ, ಜಾತಿ, ಮಕ್ಕಳ ಓದು ಇವುಗಳ ಬಗ್ಗೆ ಬೇಕಾದಷ್ಟು ಬರೆದಿದ್ದೇವೆ. ಸುಖದ ಬಗ್ಗೆ ಬರೆದದ್ದು ಕಡಿಮೆ. ನಮ್ಮ ತಂದೆತಾಯಿಗಳಿಗೆ ಆ ಪ್ರಶ್ನೆಯೇ ಬರಲಿಲ್ಲ. ಹೊಟ್ಟೆಗೆ ಹಿಟ್ಟು, ಮೈಗೆ ಬಟ್ಟೆ, ಮಕ್ಕಳಿಗೆ ನಾಲ್ಕಕ್ಷರ, ಅಷ್ಟರಲ್ಲೇ ಅವರ ಆಯುಷ್ಯ ಮುಗಿಯಿತು. ಅವರು ಓದಿಸಿದ ಕಾರಣಕ್ಕೆ ನಮಗೆ ಸಂಬಳ ಬಂತು, ರಜೆ ಬಂತು. ಇವುಗಳ ಜೊತೆಗೇ ಹೊಸ ಪ್ರಶ್ನೆಯೊಂದು ಬಂತು: ಸಾಲ ತೀರಿಸಿ, ಫೀಸು ಕಟ್ಟಿ, ದಾನಕ್ಕೆ ತೆಗೆದಿಟ್ಟ ಮೇಲೂ ಸ್ವಲ್ಪ ಉಳಿದರೆ ಅದನ್ನು ನನ್ನ ಸಂತೋಷಕ್ಕೆಂದೇ ಖರ್ಚು ಮಾಡಬಹುದೇ? ಮಾಡಬಹುದಾದರೆ ಎಲ್ಲಿಯ ತನಕ?

ಈ ಪ್ರಶ್ನೆ ಈ ಬೇಸಿಗೆ ರಜೆಯಲ್ಲಿ ನನಗೆ ಎದುರಾದದ್ದು ಸ್ಕೂಬಾ ಡೈವಿಂಗ್ ರೂಪದಲ್ಲಿ. ಓದಿ ನಗಬೇಡಿ. ನಿಮಗೆ ಇದೇ ಪ್ರಶ್ನೆ ಬೈಕಿನ ರೂಪದಲ್ಲೋ, ಮನೆಯ ಮೇಲಿನ ಎರಡನೇ ಅಂತಸ್ತಿನ ರೂಪದಲ್ಲೋ, ಸಿಂಗಾಪುರ ಪ್ರವಾಸದ ರೂಪದಲ್ಲೋ ಬಂದಿರಬಹುದು. ರೂಪ ಬೇರೆ, ಪ್ರಶ್ನೆ ಒಂದೇ.

*ವಿಷಯ ಇಷ್ಟು*

ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ ಅರಬ್ಬಿ ಸಮುದ್ರದ ನಡುವೆ ನೇತ್ರಾಣಿ ಎಂಬ ಪುಟ್ಟ ದ್ವೀಪವಿದೆ. ಅದರ ಸುತ್ತ ಬಂಡೆ, ಹವಳ, ಬಣ್ಣಬಣ್ಣದ ಮೀನು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅಲ್ಲಿ ನೀರಿನೊಳಗೆ ಇಳಿಯಬಹುದು. ಅದಕ್ಕೆ ಕೋರ್ಸುಗಳಿವೆ. ಮೊದಲನೆಯದು ಓಪನ್ ವಾಟರ್. ಅದನ್ನು ಮುಗಿಸಿದವರು 18 ಮೀಟರ್ ಆಳದವರೆಗೆ ಇಳಿಯಬಹುದು. ಕಳೆದ ದಸರಾ ರಜೆಯಲ್ಲಿ ನಾನು ಅದನ್ನು ಮಾಡಿದ್ದೆ.

ಎರಡನೆಯದು ಅಡ್ವಾನ್ಸ್‌ಡ್. ಅದರಲ್ಲಿ ಐದು ಡೈವ್. ಆಳಕ್ಕೆ ಇಳಿಯುವುದು, ದಿಕ್ಸೂಚಿ ಹಿಡಿದು ದಾರಿ ಕಂಡುಕೊಳ್ಳುವುದು, ಈ ಎರಡು ಕಡ್ಡಾಯ. ಉಳಿದ ಮೂರು ನಮ್ಮ ಆಯ್ಕೆ. ಅದಾದ ಮೇಲೆ 30 ಮೀಟರ್ ತನಕ ಅನುಮತಿ. ಸಾಮಾನ್ಯವಾಗಿ ಎರಡು ದಿನದಲ್ಲಿ ಮುಗಿಯುತ್ತದೆ. ಓಪನ್ ವಾಟರ್ ಮುಗಿಸಿದ ಮರುದಿನವೇ ಇದಕ್ಕೆ ಸೇರಲು ಅಡ್ಡಿಯಿಲ್ಲ, ಇಷ್ಟು ಡೈವ್ ಆಗಿರಲೇಬೇಕು ಎಂಬ ನಿಯಮವಿಲ್ಲ. ಆದ್ದರಿಂದ ಹೆಸರಿನಲ್ಲಿ 'ಮುಂದುವರಿದ' ಎಂದಿದ್ದರೂ ಕಾರ್ಡು ಕೈಗೆ ಬಂದಾಗ ಕೆಲವರ ಲೆಕ್ಕದಲ್ಲಿ ಒಟ್ಟು ಒಂಬತ್ತೇ ಡೈವ್ ಇರುತ್ತವೆ.

ಈ ಏಪ್ರಿಲ್‌ನಲ್ಲಿ ಅವ್ವ, ನನ್ನ ಯಜಮಾನರು, ಮಗಳು ಎಲ್ಲರೂ ಐದು ದಿನಕ್ಕೆ ಕರಾವಳಿಗೆ ಹೋಗುವುದೆಂದು ನಿಶ್ಚಯವಾಯಿತು. ಅಡ್ವಾನ್ಸ್‌ಡ್ ಕೋರ್ಸಿಗೆ 16,000 ರೂಪಾಯಿ ಹೇಳಿದ್ದರು. ಕಲಿಸುವ ಹುಡುಗ ಫೋನಿನಲ್ಲಿ "ಮೇಡಂ, ಹೇಗೂ ಬರ್ತಿದ್ದೀರಿ, ಮುಗಿಸಿಬಿಡಿ, ಪರೀಕ್ಷೆಗಿರೀಕ್ಷೆ ಏನೂ ಇಲ್ಲ" ಎಂದ. ಪರೀಕ್ಷೆ ನಡೆಸಿ ನಡೆಸಿ ಸಾಕಾದವರಿಗೆ ಇದಕ್ಕಿಂತ ಸಿಹಿಯಾದ ಮಾತು ಯಾವುದಿದೆ?

*ಮೂವರು, ಮೂರು ಮಾತು*

ನಮ್ಮ ಶಾಲೆಯ ಗೆಳತಿಯೊಬ್ಬರು ಹೇಳಿದರು, "ನಲವತ್ತಾರು ದಾಟಿತು. ಈಗ ಮಾಡದೆ ರಿಟೈರ್ ಆದ್ಮೇಲೆ ಮಾಡ್ತೀರಾ? ಇರೋದು ಒಂದೇ ಜೀವನ."

ನಮ್ಮ ಬಳಗದ ಹಿರಿಯರೊಬ್ಬರು, ನಾನು ಅಣ್ಣ ಎಂದು ಕರೆಯುವವರು, ಹೇಳಿದರು, "ಟೀಚರಮ್ಮ, ಬೇಡ ಅಂತ ನಾನು ಹೇಳಲ್ಲ. ಆದ್ರೆ ಆ ದುಡ್ಡಲ್ಲಿ ಕೇರಿಯ ಎಷ್ಟು ಮಕ್ಕಳಿಗೆ ಪುಸ್ತಕ ಆಗ್ತದೆ, ಒಂದ್ಸಲ ಲೆಕ್ಕ ಹಾಕು."

ಅವ್ವ ಹೇಳಿದ್ದು ಬೇರೆಯೇ. "ನಿಮ್ಮಜ್ಜಿ ಬಾವಿ ತಾವ ಕೂತ್ಕಂಡು, ಯಾರಾದ್ರೂ ಪುಣ್ಯಾತ್ಗಿತ್ತಿ ಬಂದು ಕೊಡಕ್ಕೆ ಎರಡು ಬಿಂದ್ಗೆ ಹುಯ್ಯಲಿ ಅಂತ ಕಾಯ್ತಿದ್ಲು. ನೀನು ಸಮುದ್ರದೊಳ್ಗೇ ಇಳಿದು ಬಂದೆ. ಒಳ್ಳೇದಾಯ್ತು ಬುಡು. ಎರಡನೇ ಸಲ ಯಾಕವ್ವ?"

ಮೂರು ಮಾತಿನಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅವ್ವನ ಮಾತು.

*ಹಕ್ಕು ಒಂದು, ಕಾರಣ ಇನ್ನೊಂದು*

1923ರಲ್ಲಿ ಮುಂಬಯಿ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳನ್ನು ಅಸ್ಪೃಶ್ಯರಿಗೂ ತೆರೆಯಬೇಕೆಂದು ನಿರ್ಣಯ ಮಾಡಿತು. ಮಹಾಡ್ ಪುರಸಭೆಯೂ ಅದನ್ನು ಒಪ್ಪಿತು. ಕಾಗದ ಒಪ್ಪಿದರೂ ಊರು ಒಪ್ಪಲಿಲ್ಲ. ಬಾಬಾಸಾಹೇಬರು 1927ರ ಮಾರ್ಚ್ 20ರಂದು ಸಾವಿರಾರು ಜನರೊಡನೆ ಚವದಾರ್ ಕೆರೆಗೆ ನಡೆದು ಬೊಗಸೆ ನೀರು ಕುಡಿದರು. ಆ ಕೆರೆಯ ನೀರಿಲ್ಲದೆ ಯಾರ ಪ್ರಾಣವೂ ಹೋಗುತ್ತಿರಲಿಲ್ಲ. ನಾವೂ ಎಲ್ಲರ ಹಾಗೆ ಮನುಷ್ಯರು ಎಂಬುದನ್ನು ಸ್ಥಾಪಿಸಲು ಅವರು ಅಲ್ಲಿಗೆ ಹೋದರು. ನ್ಯಾಯಾಲಯದಲ್ಲಿ ಆ ಹಕ್ಕು ಕೊನೆಯದಾಗಿ ಗಟ್ಟಿಯಾಗಲು 1937ರ ವರೆಗೆ ಕಾಯಬೇಕಾಯಿತು.

ಹಾಗಾಗಿ ನಮ್ಮವರಿಗೆ ನೀರು ಬರೀ ನೀರಲ್ಲ. ನಮ್ಮ ಕೇರಿಯಲ್ಲಿ ಈಜು ಬಲ್ಲ ಹೆಂಗಸರು ಒಬ್ಬರೂ ಇರಲಿಲ್ಲ. ಮುಟ್ಟಲು ಬಿಡದ ನೀರಿನಲ್ಲಿ ಈಜು ಕಲಿಯುವುದು ಹೇಗೆ? ನಾನು ಈಜು ಕಲಿತದ್ದು ನಲವತ್ತು ದಾಟಿದ ಮೇಲೆ, ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು. ಮೊದಲ ಸಲ ಸಮುದ್ರಕ್ಕೆ ಇಳಿದಾಗ 'ಇದು ನನ್ನದೂ ಹೌದು' ಎನ್ನುವ ಭಾವ ಬಂದದ್ದು ನಿಜ. ಅದನ್ನು ಯಾರೂ ಕಿರಿದು ಮಾಡಬೇಕಿಲ್ಲ.

ಅವ್ವನ ಪ್ರಶ್ನೆ ಇರುವುದು ಅದರ ಆಚೆಗೆ. ಮೊದಲ ಸಲಕ್ಕೆ ಹಕ್ಕೇ ಕಾರಣವಾಗಿತ್ತು. ಎರಡನೇ ಸಲಕ್ಕೂ ಅದನ್ನೇ ಕಾರಣ ಮಾಡಿದರೆ ಮಹಾಡಿನ ಹೆಸರನ್ನು ನನ್ನ ಆಸೆಗೆ ಸಾಕ್ಷಿಯಾಗಿ ನಿಲ್ಲಿಸಿದಂತಾಗುತ್ತದೆ. ಒಂದು ಕೆಲಸ ಮಾಡಲು ನನಗೆ ಹಕ್ಕಿದೆ ಎನ್ನುವುದು, ಬೇರೆಯವರು ನನ್ನನ್ನು ತಡೆಯಬಾರದು ಎನ್ನುವುದಕ್ಕೆ ಉತ್ತರ. ನಾನು ಅದನ್ನು ಮಾಡಬೇಕೇ ಎನ್ನುವುದಕ್ಕೆ ಉತ್ತರ ಅದರಲ್ಲಿಲ್ಲ. ಮತದಾನದ ಹಕ್ಕು ಇದೆ, ಯಾರಿಗೆ ಮತ ಹಾಕಬೇಕು ಎಂಬುದನ್ನು ಆ ಹಕ್ಕು ಹೇಳುವುದಿಲ್ಲ. ಅದಕ್ಕೆ ಪ್ರಜ್ಞೆ ಬೇಕು. ನಮಗೆ ಬಾಗಿಲು ತೆರೆದುಕೊಟ್ಟವರು, ಒಳಗೆ ಹೋದ ಮೇಲೆ ನಡೆಯಬೇಕಾದ ಜವಾಬ್ದಾರಿಯನ್ನೂ ನಮ್ಮ ಕೈಗೇ ಕೊಟ್ಟು ಹೋಗಿದ್ದಾರೆ.

ಧಮ್ಮದ ಹೆಸರಿನಲ್ಲೂ ಹೀಗೇ ಆಗಬಾರದು. ಸ್ಕೂಬಾದಲ್ಲಿ ಕಲಿಸುವ ಮೊದಲ ನಿಯಮ ಉಸಿರು ಹಿಡಿಯಬಾರದು ಎಂದು. ನಿಧಾನವಾಗಿ, ಬಿಡದೆ ಉಸಿರಾಡುತ್ತಲೇ ಇರಬೇಕು. ಉಸಿರು ಒಳಗೆ ಬಂದರೆ ಮೈ ಚೂರು ಮೇಲೇಳುತ್ತದೆ, ಹೊರಗೆ ಹೋದರೆ ಚೂರು ಇಳಿಯುತ್ತದೆ. ಇದನ್ನು ಕೇಳಿದ ಕೂಡಲೇ ಆನಾಪಾನಸತಿ ನೆನಪಾಗುತ್ತದೆ. ಹೋಲಿಕೆ ಇದೆ, ಇಲ್ಲವೆನ್ನಲಾರೆ. ಆದರೆ 'ಇದೂ ಒಂದು ಧ್ಯಾನವೇ' ಎಂದು ಹೇಳಿ 16,000 ರೂಪಾಯಿಗೆ ಧಮ್ಮದ ಬಣ್ಣ ಬಳಿಯಲಾರೆ. ಉಸಿರನ್ನು ಗಮನಿಸಲು ಮನೆಯ ಮೂಲೆಯ ಚಾಪೆ ಸಾಕು, ಅದಕ್ಕೆ ಫೀಸಿಲ್ಲ. ಸುಖವನ್ನು ಸುಖವೆಂದೇ ಕರೆಯೋಣ. ಆಮೇಲೆ ಅದು ಸರಿಯಾದ ಸುಖವೋ ಅಲ್ಲವೋ ನೋಡೋಣ.

*ಹಣದ ಲೆಕ್ಕ*

ಅಣ್ಣನ ಮಾತಿಗೆ ಬರುತ್ತೇನೆ. ಸಮಾಜಕ್ಕೆ ಹಿಂತಿರುಗಿಸಬೇಕು ಎನ್ನುವುದು ನಮಗೆ ಅರೆಮನಸ್ಸಿನ ಮಾತಲ್ಲ. 1956ರ ಅಕ್ಟೋಬರ್‌ನಲ್ಲಿ ನಾಗಪುರದ ದೀಕ್ಷೆಯ ಸಂದರ್ಭದಲ್ಲಿ ಬಾಬಾಸಾಹೇಬರು ಆದಾಯದ ಇಪ್ಪತ್ತನೇ ಒಂದು ಭಾಗವನ್ನು ಧಮ್ಮಕಾರ್ಯಕ್ಕೆ ಕೊಡಲು ಕೇಳಿದರು. ಇಪ್ಪತ್ತರಲ್ಲಿ ಒಂದು ಎಂದು ಅಳತೆ ಹೇಳಿದ್ದನ್ನು ಗಮನಿಸಿ. ಅಳತೆ ಇದ್ದದ್ದರಿಂದ ಅದು ಗೃಹಸ್ಥರಿಗೆ ಸಾಧ್ಯವಾಗುವ ಕೆಲಸವಾಯಿತು.

ದೀಘನಿಕಾಯದ ಸಿಗಾಲೋವಾದ ಸುತ್ತದಲ್ಲಿ ಭಗವಾನರು ಸಿಗಾಲನೆಂಬ ಗೃಹಸ್ಥ ಯುವಕನಿಗೆ ಹಣದ ವಿಷಯವನ್ನೇ ನೇರವಾಗಿ ಹೇಳುತ್ತಾರೆ. ಗಳಿಸಿದ್ದನ್ನು ನಾಲ್ಕು ಪಾಲು ಮಾಡು. ಒಂದನ್ನು ಅನುಭವಿಸು. ಎರಡನ್ನು ಕಸುಬಿಗೆ ತೊಡಗಿಸು. ನಾಲ್ಕನೆಯದನ್ನು ಆಪತ್ತಿನ ಕಾಲಕ್ಕೆ ಇಡು. ಅನುಭವಿಸಲು ಒಂದು ಪಾಲು ಎಂದು ತಥಾಗತರೇ ಹೇಳಿದ ಮೇಲೆ, ಉಳಿದ ಮೂರು ಪಾಲಿಗೂ ಇಪ್ಪತ್ತನೇ ಭಾಗಕ್ಕೂ ಕೈ ಹಾಕದೆ ಆ ಪಾಲಿನಿಂದ ಮಾಡುವ ಖರ್ಚಿಗೆ ನಾಚಬೇಕಿಲ್ಲ.

ಅನಾಥಪಿಂಡಿಕನಿಗೆ ಹೇಳಿದ ಇನ್ನೊಂದು ಮಾತು ಅಂಗುತ್ತರ ನಿಕಾಯದಲ್ಲಿದೆ. ಗೃಹಸ್ಥನಿಗೆ ನಾಲ್ಕು ಸುಖ. ನ್ಯಾಯವಾಗಿ ದುಡಿದ ಸಂಪತ್ತು ಇದೆ ಎಂಬ ಸುಖ, ಅದನ್ನು ಅನುಭವಿಸುವ ಸುಖ, ಸಾಲವಿಲ್ಲದ ಸುಖ, ದೋಷವಿಲ್ಲದೆ ಬದುಕುವ ಸುಖ. ಕೊನೆಯದು ಎಲ್ಲಕ್ಕಿಂತ ದೊಡ್ಡದು. ಬಡತನವೇ ಪುಣ್ಯ ಎಂದು ಬುದ್ಧರು ಹೇಳಲಿಲ್ಲ ಎಂಬುದನ್ನು ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಒತ್ತಿ ಬರೆದಿದ್ದಾರೆ. ಅವರೇ ಇಳಿವಯಸ್ಸಿನಲ್ಲಿ, ಅಷ್ಟೊಂದು ಕೆಲಸದ ನಡುವೆ, ವಯೋಲಿನ್ ಕಲಿತರು. ಅದರಿಂದ ಯಾವ ಕಾನೂನೂ ಪಾಸಾಗಲಿಲ್ಲ. ಆದರೂ ಕಲಿತರು. ನಮ್ಮವರ ಬದುಕು ಹೋರಾಟಕ್ಕೆ ಮಾತ್ರ ಮೀಸಲು, ಸಂಗೀತ ಸಮುದ್ರ ಎಲ್ಲ ಬೇರೆಯವರಿಗೆ ಎಂದರೆ ಅದು ಹಳೆಯ ವಿಂಗಡಣೆಯನ್ನೇ ಬೇರೆ ಬಾಗಿಲಿನಿಂದ ಒಳಗೆ ಕರೆದಂತೆ.

ಆದ್ದರಿಂದ ಅಣ್ಣನಿಗೆ ನನ್ನ ಉತ್ತರ ಇದು: ಮಕ್ಕಳ ಪುಸ್ತಕದ ಹಣ ಅನುಭವದ ಪಾಲಿನಲ್ಲಿ ಮಿಕ್ಕಿದ್ದರಿಂದ ಬರಬೇಕಾದ್ದಲ್ಲ. ಅದು ಸಂಬಳ ಬಂದ ದಿನವೇ ಮೊದಲು ಎತ್ತಿಡಬೇಕಾದ್ದು. ಅದನ್ನು ಎತ್ತಿಡದವರು ಸ್ಕೂಬಾ ಬಿಟ್ಟರೂ ಆ ಹಣ ಮಕ್ಕಳಿಗೆ ತಲುಪುವುದಿಲ್ಲ, ಸೀರೆಯಂಗಡಿಗೋ ಹೋಟೆಲಿಗೋ ತಲುಪುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಫೋನು ತೆಗೆದರೆ ಸಾಕು, ಕಂತಿನಲ್ಲಿ ಕಟ್ಟಿ ಎಂಬ ಸಂದೇಶ ಬರುತ್ತದೆ. ರಜೆಯನ್ನು ಕಂತಿನಲ್ಲಿ ಕೊಂಡರೆ ಮೂರನೆಯ ಸುಖವನ್ನು ಮಾರಿ ಎರಡನೆಯದನ್ನು ಕೊಂಡ ಹಾಗೆ. ಕೈಸಾಲದ ಬಡ್ಡಿ ಕಟ್ಟಿ ಕಟ್ಟಿ ಬೆನ್ನು ಬಾಗಿದವರ ಮಕ್ಕಳು ನಾವು. ಈ ವ್ಯಾಪಾರದ ನಷ್ಟ ನಮಗೆ ಗೊತ್ತಿರಬೇಕು.

*ರಾಹುಲನ ಕನ್ನಡಿ*

ಹಣವಿದೆ, ಹಕ್ಕಿದೆ. ಹಾಗಾದರೆ ಮಾಡಬಹುದು. ಮಾಡಬೇಕೇ? ಇಲ್ಲಿ ನನಗೆ ದಾರಿ ತೋರಿಸಿದ್ದು ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತ. ಕನ್ನಡಿ ಇರುವುದು ಯಾಕೆ ಎಂದು ಭಗವಾನರು ರಾಹುಲನನ್ನು ಕೇಳುತ್ತಾರೆ. ನೋಡಿಕೊಳ್ಳಲು ಎನ್ನುತ್ತಾನೆ. ಹಾಗೆಯೇ ಮೈಯಿಂದ, ಮಾತಿನಿಂದ, ಮನಸ್ಸಿನಿಂದ ಮಾಡುವ ಪ್ರತಿಯೊಂದು ಕೆಲಸವನ್ನೂ ಮಾಡುವ ಮುಂಚೆ, ಮಾಡುವಾಗ, ಮಾಡಿದ ಮೇಲೆ ನೋಡಿಕೊಳ್ಳಬೇಕು. ಇದರಿಂದ ನನಗೆ ಕೇಡೇ? ಇತರರಿಗೆ ಕೇಡೇ? ಇಬ್ಬರಿಗೂ ಕೇಡೇ? ಏಳನೇ ತರಗತಿಯ ಮಗುವಿಗೂ ಅರ್ಥವಾಗುವ ಮಾತು. ಅನ್ವಯಿಸಲು ಹೋದಾಗ ಮಾತ್ರ ಎಷ್ಟು ಕಷ್ಟ ಎಂದು ಗೊತ್ತಾಗುತ್ತದೆ.

_ನನಗೆ ಕೇಡೇ?_ ನೀರಿನಲ್ಲಿ ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. 30 ಮೀಟರಿನಲ್ಲಿ ಮೇಲಿನದರ ನಾಲ್ಕು ಪಟ್ಟು. ಅಲ್ಲಿ ಒಂದೊಂದು ಉಸಿರಿಗೂ ನಾಲ್ಕು ಪಟ್ಟು ಗಾಳಿ ಖರ್ಚಾಗುತ್ತದೆ, ಸಿಲಿಂಡರ್ ಬೇಗ ಬರಿದಾಗುತ್ತದೆ. ಹೆದರಿಕೆಯಾಯಿತೆಂದು ಸರ್ರನೆ ಮೇಲೆ ಬರುವಂತಿಲ್ಲ. ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಅಪಾಯ ತರುತ್ತದೆ. ಆದ್ದರಿಂದ ನಿಧಾನವಾಗಿ ಏರಬೇಕು, 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಇನ್ನೊಂದು ವಿಷಯ ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ಸುಮಾರು 30 ಮೀಟರಿನ ಹೊತ್ತಿಗೆ ಹಲವರಿಗೆ ನಾವು ಉಸಿರಾಡುವ ಸಾರಜನಕವೇ ಮದ್ಯದ ಹಾಗೆ ಮತ್ತು ತರಿಸುತ್ತದೆ. ಲೆಕ್ಕ ತಪ್ಪುತ್ತದೆ, ಸುಮ್ಮಸುಮ್ಮನೆ ಖುಷಿಯಾಗುತ್ತದೆ, ಗಾಳಿಯ ಮುಳ್ಳು ನೋಡಬೇಕೆನ್ನುವುದೇ ಮರೆಯುತ್ತದೆ. ಐದನೆಯ ಶೀಲ ಮತ್ತನ್ನು ಬೇಡವೆನ್ನುವುದು ಅದು ಪ್ರಮಾದಕ್ಕೆ, ಮೈಮರೆವಿಗೆ ಎಡೆಯಾಗುತ್ತದೆ ಎಂದು. ಇಲ್ಲಿ ಮತ್ತು ತಾನಾಗಿ ಬರುತ್ತದೆ, ಕುಡಿಯಬೇಕಾಗಿಲ್ಲ. ಎಚ್ಚರ ಹೋಗುವ ಜಾಗಕ್ಕೆ, ಎಚ್ಚರ ಇನ್ನೂ ಗಟ್ಟಿಯಾಗದವರು ಹೋಗಬಹುದೇ? ಇದು ಆಗದು ಎನ್ನುವ ವಾದವಲ್ಲ. ಆ ಕೋರ್ಸು ಇರುವುದೇ ಇದನ್ನು ತಿಳಿದವರ ಜೊತೆಗಿದ್ದು ಕಲಿಯಲು. ಕಲಿಯುವ ಸಮಯ ಯಾವುದು ಎಂಬುದೇ ಪ್ರಶ್ನೆ.

_ಇತರರಿಗೆ ಕೇಡೇ?_ ನೀರೊಳಗೆ ಒಬ್ಬರೇ ಇಳಿಯುವ ಪದ್ಧತಿಯಿಲ್ಲ. ಜೊತೆಗಾರರೊಬ್ಬರು ಇರಬೇಕು. ನನ್ನ ಗಾಳಿ ಮುಗಿದರೆ ಅವರ ಗಾಳಿಯಲ್ಲಿ ಪಾಲು. ನನ್ನ ಕೌಶಲ ಕಡಿಮೆಯಾದರೆ ಅಪಾಯ ಅವರಿಗೂ ಸೇರಿ. ಇನ್ನು ಹವಳ. ಗುಂಡುಬಂಡೆಯಂತಿರುವ ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಬೆಳೆಯುವುದಿಲ್ಲ. ತೇಲುವ ಹದ ಸಿಗದವರು ಕಾಲ್ಚೀಲದಂಥ ಆ ರೆಕ್ಕೆಗಳಿಂದ ಒಮ್ಮೆ ಒದ್ದರೆ ಹತ್ತಾರು ವರ್ಷದ ಬೆಳವಣಿಗೆ ಮುರಿಯುತ್ತದೆ. ಅದೂ ಪ್ರಾಣಿಯೇ. ಮೊದಲನೆಯ ಶೀಲ ದಡದಲ್ಲಿ ಮುಗಿಯುವುದಿಲ್ಲ.

ಇತರರು ಎಂದರೆ ಮನೆಯವರೂ ಹೌದು. ಐದು ದಿನದಲ್ಲಿ ಎರಡು ದಿನ ಬೆಳಿಗ್ಗೆ ದೋಣಿ ಹತ್ತಿ, ಸಂಜೆ ದಣಿದು ಬಂದು ಮಲಗುವುದು. ಅವ್ವ ಎಪ್ಪತ್ತೆರಡನೇ ವಯಸ್ಸಿಗೆ ಮೊದಲ ಸಲ ಸಮುದ್ರ ನೋಡಲು ಬರುತ್ತಿದ್ದಳು. ಮಗಳು ಎಸ್ಸೆಸ್ಸೆಲ್ಸಿ ಬರೆದು ಮುಗಿಸಿದ್ದಾಳೆ, ಜೂನ್‌ನಿಂದ ಪಿಯುಸಿಗೆಂದು ಹಾಸ್ಟೆಲಿಗೆ ಹೊರಡುತ್ತಾಳೆ. ಕೋರ್ಸಿನ ನಿಜವಾದ ಬೆಲೆ 16,000 ಅಲ್ಲ, ಆ ಎರಡು ದಿನ. ಹಣವನ್ನು ಮತ್ತೆ ಕೂಡಿಡಬಹುದು. ನಾವು ಖರ್ಚಿನ ಲೆಕ್ಕ ಹಾಕುವಾಗ ರೂಪಾಯಿಯನ್ನು ಬರೆಯುತ್ತೇವೆ, ದಿನವನ್ನು ಬರೆಯುವುದಿಲ್ಲ.

_ಮನಸ್ಸಿಗೆ ಏನಾಗುತ್ತದೆ?_ ಇದನ್ನೂ ನೋಡಬೇಕು. ನನಗೆ ಬೇಕಾದದ್ದು ಏನು? ಆಳದಲ್ಲಿರುವುದನ್ನು ನೋಡುವುದೋ, 'ಅಡ್ವಾನ್ಸ್‌ಡ್' ಎಂಬ ಪದವಿರುವ ಕಾರ್ಡೋ? ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡೆ. ಈ ಕೋರ್ಸಿನ ಫೋಟೋ ಸ್ಟೇಟಸ್ಸಿಗೆ ಹಾಕುವ ಹಾಗಿಲ್ಲ, ಸ್ಟಾಫ್ ರೂಮಿನಲ್ಲಿ ಹೇಳುವ ಹಾಗಿಲ್ಲ ಎಂದಿದ್ದರೆ ಆಗಲೂ ಬೇಕೆನಿಸುತ್ತಿತ್ತೇ? ನೀರಿಗೆ ಇಳಿಯಬೇಕು ಎನ್ನುವ ಆಸೆ ಹಾಗೇ ಉಳಿಯಿತು. ಕಾರ್ಡಿನ ಆಸೆ ಮುಕ್ಕಾಲು ಪಾಲು ಇಳಿಯಿತು. ತಣ್ಹೆ ಮತ್ತು ಮಾನ ಜೊತೆಜೊತೆಯಾಗಿ ಬರುತ್ತವೆ, ಬಿಡಿಸಿ ನೋಡಿದರೆ ಎರಡೂ ಬೇರೆಬೇರೆ ಎಂದು ಓದಿದ್ದೆವಲ್ಲ, ಅದು ಹೀಗೆ. ತಲೆಮಾರುಗಳಿಂದ ಕೀಳೆಂದು ಕರೆಸಿಕೊಂಡವರಿಗೆ ಸರ್ಟಿಫಿಕೇಟಿನ ಆಸೆ ಸ್ವಲ್ಪ ಹೆಚ್ಚೇ ಇರುತ್ತದೆ. ಅದಕ್ಕೆ ಕಾರಣವಿದೆ, ಅದನ್ನು ಹಳಿಯುವುದಿಲ್ಲ. ಆದರೆ ನಮ್ಮ ಮಾನವನ್ನು ಯಾವುದೋ ಸಂಸ್ಥೆ ಪ್ಲಾಸ್ಟಿಕ್ ಕಾರ್ಡಿನಲ್ಲಿ ಅಚ್ಚು ಹಾಕಿ ಕೊಡಬೇಕಾಗಿಲ್ಲ.

*ಸಮುದ್ರ ಹೇಳುವ ಪಾಠ*

ಸಮುದ್ರದ ಎಂಟು ಅದ್ಭುತ ಗುಣಗಳನ್ನು ಪಹಾರಾದನೆಂಬ ಅಸುರ ಭಗವಾನರ ಮುಂದೆ ಹೇಳುವ ಸುತ್ತ ಅಂಗುತ್ತರ ನಿಕಾಯದಲ್ಲಿದೆ. ಅದರಲ್ಲಿ ನಮ್ಮವರಿಗೆಲ್ಲ ಪ್ರಿಯವಾದದ್ದು ನದಿಗಳ ಮಾತು. ಗಂಗಾ, ಯಮುನಾ, ಅಚಿರವತಿ, ಸರಭು, ಮಹೀ ನದಿಗಳು ಸಮುದ್ರ ಸೇರಿದ ಮೇಲೆ ಹೆಸರು ಕಳೆದುಕೊಂಡು ಸಮುದ್ರವೇ ಆಗುತ್ತವೆ. ನಾಲ್ಕು ವರ್ಣದವರೂ ಸಂಘಕ್ಕೆ ಬಂದ ಮೇಲೆ ಹಾಗೆಯೇ. ಇದನ್ನು ನಾವು ಎಷ್ಟೋ ಸಭೆಗಳಲ್ಲಿ ಹೇಳಿದ್ದೇವೆ, ಮುಂದೆಯೂ ಹೇಳುತ್ತೇವೆ.

ಆದರೆ ಆ ಪಟ್ಟಿಯಲ್ಲಿ ಮೊದಲು ಬರುವ ಗುಣ ಬೇರೆ. ಸಮುದ್ರ ಹಂತಹಂತವಾಗಿ ಆಳವಾಗುತ್ತದೆ, ಒಮ್ಮೆಲೇ ಪ್ರಪಾತವಾಗುವುದಿಲ್ಲ. ಧಮ್ಮದಲ್ಲಿಯೂ ಕಲಿಕೆ ಹಂತಹಂತ, ಅಭ್ಯಾಸ ಹಂತಹಂತ. ಈ ಮಾತಿನ ಮೇಲೆ ನಾವು ಕಣ್ಣಾಡಿಸಿ ಮುಂದೆ ಹೋಗುತ್ತೇವೆ, ಯಾಕೆಂದರೆ ಅದರಲ್ಲಿ ಘೋಷಣೆಯಾಗುವ ಗುಣವಿಲ್ಲ. ಮೇಷ್ಟರಿಗೆ ಮಾತ್ರ ಅದರ ಬೆಲೆ ಗೊತ್ತು. ಕಾಗುಣಿತ ಬಾರದ ಮಗುವಿಗೆ ಒತ್ತಕ್ಷರ ಕಲಿಸಿದರೆ ಎರಡೂ ಕೆಡುತ್ತವೆ.

18 ಮೀಟರಿನ ಒಳಗೆ ನನ್ನ ಉಸಿರು ಇನ್ನೂ ಹದಕ್ಕೆ ಬಂದಿಲ್ಲ. ಒಂದೇ ಮಟ್ಟದಲ್ಲಿ ಎರಡು ನಿಮಿಷ ನಿಶ್ಚಲವಾಗಿ ತೇಲಲು ಬರುವುದಿಲ್ಲ. ಕಲಿಸುವ ಹುಡುಗನನ್ನು ನೇರವಾಗಿ ಕೇಳಿದೆ: "ನಿಮ್ಮಕ್ಕ ಆಗಿದ್ರೆ ಏನು ಹೇಳ್ತಿದ್ದೆ?" ಅವನು ಸ್ವಲ್ಪ ತಡೆದು, "ಅಕ್ಕ ಆಗಿದ್ರೆ ಇನ್ನೊಂದಿಷ್ಟು ಸುಮ್ನೆ ಡೈವ್ ಮಾಡು, ಆಮೇಲೆ ನೋಡೋಣ ಅಂತಿದ್ದೆ" ಎಂದ. ಮಾರುವವರ ಮಾತನ್ನು ಕಣ್ಣು ಮುಚ್ಚಿ ನಂಬಬೇಡಿ, ಕಣ್ಣು ಮುಚ್ಚಿ ತಳ್ಳಿಯೂ ಹಾಕಬೇಡಿ. ಕೇಳುವ ಹಾಗೆ ಕೇಳಿದರೆ ನಿಜ ಹೇಳುವವರು ಎಲ್ಲ ಕಡೆ ಇದ್ದಾರೆ.

*ನನ್ನ ತೀರ್ಮಾನ*

ಈ ಸಲ ಕೋರ್ಸು ತೆಗೆದುಕೊಳ್ಳಲಿಲ್ಲ. ಒಂದೇ ಒಂದು ದಿನ ಹೋಗಿ, 18 ಮೀಟರಿನ ಒಳಗೇ ಎರಡು ಸಾದಾ ಡೈವ್ ಮಾಡಿ ಬಂದೆ. ಕಲಿಯುವ ಕೆಲಸ, ತೋರಿಸುವ ಕಾರ್ಡು ಎರಡೂ ಇಲ್ಲದಿದ್ದರಿಂದ ಸುಮ್ಮನೆ ನೋಡಲು ಸಾಧ್ಯವಾಯಿತು. ಆಳಕ್ಕೆ ಹೋದಂತೆ ನೀರು ಬೆಳಕಿನ ಕೆಂಪನ್ನು ಮೊದಲು ನುಂಗುತ್ತದೆ, ಆಮೇಲೆ ಕಿತ್ತಳೆ, ಹಳದಿ. ಕೊನೆಯ ತನಕ ಉಳಿಯುವುದು ನೀಲಿ. ನಮ್ಮ ಬಾವುಟದ ಬಣ್ಣ ಎಂದು ಖುಷಿಪಟ್ಟೆ. ಇದು ಬರೀ ಭೌತಶಾಸ್ತ್ರ, ಆದರೂ ಖುಷಿಪಟ್ಟೆ. ಉಳಿದ ನಾಲ್ಕು ದಿನ ಅವ್ವನ ಕೈ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತೆ, ಮಗಳ ಜೊತೆ ಮಾತಾಡಿದೆ.

ಈ ತೀರ್ಮಾನವನ್ನು ತ್ಯಾಗ ಎಂದು ಯಾರೂ ಹೊಗಳಬೇಡಿ. ಸುಖ ತಪ್ಪು ಎಂದು ಬಿಟ್ಟದ್ದಲ್ಲ. ನಮ್ಮಂಥವರಿಗೆ ಇದೆಲ್ಲ ಯಾಕೆ ಎಂದೂ ಅಲ್ಲ. ಹೊತ್ತು ಇದಲ್ಲ ಎಂದು ಬಿಟ್ಟದ್ದು. ತಿಂಗಳಿಗೆ 1,000 ರೂಪಾಯಿಯಂತೆ ಅಂಚೆ ಕಚೇರಿಯ ಆರ್‌ಡಿಯಲ್ಲಿ ಹಾಕುತ್ತಿದ್ದೇನೆ. ಇನ್ನಷ್ಟು ಡೈವ್ ಆಗಲಿ, ಉಸಿರು ಹದಕ್ಕೆ ಬರಲಿ. ಆಗ ಕನ್ನಡಿಯನ್ನು ಮತ್ತೆ ಎತ್ತಿ ನೋಡುತ್ತೇನೆ. ಆಗ ಹೌದು ಎಂದು ಬಂದರೆ ಹೌದು.

ಇದೇ ಉತ್ತರ ಎಲ್ಲರಿಗೂ ಸರಿಯೂ ಅಲ್ಲ. ಡೈವಿಂಗ್ ಅಂಗಡಿಯಲ್ಲಿ ಸಿಲಿಂಡರ್ ಹೊರುವ ಹುಡುಗನೊಬ್ಬ ಮುಂದೆ ಡೈವ್ ಮಾಸ್ಟರ್ ಆಗಬೇಕೆಂದರೆ ಅವನಿಗೆ ಅಡ್ವಾನ್ಸ್‌ಡ್ ಅನ್ನದ ಮೆಟ್ಟಿಲು. ಸಾಧ್ಯವಾದರೆ ಅವನು ಇಂದೇ ಸೇರಬೇಕು. ಸಿಗಾಲನ ಲೆಕ್ಕದಲ್ಲಿ ಅದು ಕಸುಬಿನ ಪಾಲು. ಮೂವತ್ತು ನಲವತ್ತು ಡೈವ್ ಮಾಡಿ, ಒಬ್ಬರೇ ಪ್ರವಾಸ ಬಂದವರಿಗೆ ಆ ಎರಡು ದಿನ ಯಾರದೂ ಅಲ್ಲ, ಅವರದೇ. ಅವರು ಮಾಡಲಿ, ಸಂತೋಷ. ಹಿಂಸೆಯ ವಿಷಯದಲ್ಲಿ ಬಾಬಾಸಾಹೇಬರು ಅಗತ್ಯಕ್ಕಾಗಿ ಮಾಡುವುದು ಮತ್ತು ಬಯಸಿ ಮಾಡುವುದನ್ನು ಬೇರ್ಪಡಿಸಿ ನೋಡಲು ಕಲಿಸಿದರು. ಒಂದೇ ಕೆಲಸ ಒಬ್ಬರಿಗೆ ಸರಿ, ಇನ್ನೊಬ್ಬರಿಗೆ ಆ ಹೊತ್ತಿಗೆ ಸರಿಯಲ್ಲ ಆಗಬಹುದು. ನಿಯಮ ಪುಸ್ತಕವಾದರೆ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿತ್ತು. ಧಮ್ಮ ತತ್ತ್ವ ಕೊಟ್ಟು, ಯೋಚಿಸುವ ಕೆಲಸ ನಮಗೆ ಬಿಟ್ಟಿದೆ.

ಗೆಳತಿ ಹೇಳಿದ 'ಒಂದೇ ಜೀವನ' ಎಂಬ ಮಾತಿಗೂ ಒಂದು ಮಾತು. ಮುಂದಿನ ಜನ್ಮದ ಆಸೆ ತೋರಿಸಿ ಈ ಜನ್ಮವನ್ನು ಕಿತ್ತುಕೊಂಡ ಧರ್ಮವನ್ನು ಬಿಟ್ಟು ಬಂದವರು ನಾವು. ನಮಗೆ ಅದು ನಿಜವೇ. ಆದರೆ ಆ ಮಾತು ಎರಡೂ ಕಡೆ ವಾದಿಸುತ್ತದೆ. ಒಂದೇ ಆದ್ದರಿಂದ ಅನುಭವಿಸು ಎನ್ನುತ್ತದೆ, ಒಂದೇ ಆದ್ದರಿಂದ ಜೋಪಾನ ಎಂದೂ ಅನ್ನುತ್ತದೆ. ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳುವುದೇ ಮಧ್ಯಮ ಮಾರ್ಗ.

*ಇಂದು ನಾವು ಕೇಳಿಕೊಳ್ಳೋಣ*

ಯಾವುದೇ ಸುಖದ ಖರ್ಚಿನ ಮುಂದೆ ನಿಂತಾಗ:

1. ಇಪ್ಪತ್ತನೇ ಭಾಗವನ್ನೂ ಆಪತ್ತಿನ ಪಾಲನ್ನೂ ಮೊದಲೇ ಎತ್ತಿಟ್ಟಿದ್ದೇನೆಯೇ? ಸಾಲವಿಲ್ಲದೆ ಇದನ್ನು ಮಾಡಬಲ್ಲೆನೇ?
2. ಇದರ ಬೆಲೆಯಲ್ಲಿ ರೂಪಾಯಿಯಲ್ಲದೆ ಯಾರ ದಿನಗಳು ಸೇರಿವೆ?
3. ನನಗೆ, ಜೊತೆಗಿರುವವರಿಗೆ, ಮಾತು ಬಾರದ ಜೀವಿಗಳಿಗೆ ಇದರಿಂದ ಕೇಡಿದೆಯೇ?
4. ಯಾರಿಗೂ ಹೇಳುವಂತಿಲ್ಲ ಎಂದಾದರೂ ಇದು ನನಗೆ ಬೇಕೇ?
5. ಇದಕ್ಕಿಂತ ಹಿಂದಿನ ಮೆಟ್ಟಿಲಿನ ಮೇಲೆ ನನ್ನ ಕಾಲು ಗಟ್ಟಿಯಾಗಿ ನಿಂತಿದೆಯೇ?

ಐದಕ್ಕೂ ಸಮಾಧಾನದ ಉತ್ತರ ಬಂದರೆ ಯಾವ ಅಪರಾಧ ಭಾವವೂ ಇಲ್ಲದೆ ಆ ಸುಖವನ್ನು ಪಡೆಯಿರಿ. ನಮ್ಮ ಹಿರಿಯರು ಕಷ್ಟಪಟ್ಟದ್ದು ನಾವು ಸದಾ ಕಷ್ಟದಲ್ಲೇ ಇರಲಿ ಎಂದಲ್ಲ. ಒಂದಕ್ಕೆ ಉತ್ತರ ಬಾರದಿದ್ದರೆ ಅದನ್ನು ಕೈಬಿಡಬೇಕೆಂದೂ ಇಲ್ಲ. ಕಾಯಬಹುದು. ಸಮುದ್ರ ಎಲ್ಲಿಗೂ ಹೋಗುವುದಿಲ್ಲ.

ಭಾನುವಾರದ ವಿಹಾರದ ಸಭೆಯಲ್ಲಿ ಅಣ್ಣ ಇದಕ್ಕೆ ಉತ್ತರ ಕೊಡುತ್ತೇನೆಂದಿದ್ದಾರೆ. ಅವರ ವಾದ ಬೇರೆ ಇದೆ. ಎಲ್ಲರೂ ಬನ್ನಿ, ಮಕ್ಕಳನ್ನೂ ಕರೆತನ್ನಿ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.